ಹಿಂದಿನ ದೀಪವೂ ನಮ್ಮತ್ತೆಯೂ

ಕಾರಿನ ಮುಂದಿನ ದೀಪ ಇರುವುದು ನಮಗಾಗಿ, ಹಿಂದಿನ ದೀಪ ಇರುವುದು ಊರಿನವರಿಗಾಗಿ. ಮುಂದಿನದು ಕೆಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ನಾವು ಚರಂಡಿಯಲ್ಲಿರುತ್ತೇವೆ. ಹಿಂದಿನದು ಕೆಟ್ಟರೆ ನಮ್ಮೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಾಗುತ್ತದೆ. ಅದರಲ್ಲೂ ಬ್ರೇಕು ತುಳಿದಾಗ ಹತ್ತುತ್ತದೆಯಲ್ಲ, ಆ ಕೆಂಪು ದೀಪದ ವಿಷಯದಲ್ಲಿ ಕಾರಿನ ಯಜಮಾನನಷ್ಟು ಪರಾಧೀನ ಇನ್ನೊಬ್ಬನಿಲ್ಲ. ಕಾಲು ಇಲ್ಲಿ, ದೀಪ ಅಲ್ಲಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹಿಂದೆ ಹೋಗಿ ನೋಡಿ ಬರುವಷ್ಟು ಉದ್ದದ ಕಾಲನ್ನು ದೇವರು ಯಾರಿಗೂ ಕೊಟ್ಟಿಲ್ಲ. ಷರ್ಟಿನ ಬೆನ್ನಿಗೆ ಮೆತ್ತಿಕೊಂಡ ಸೀಮೆಸುಣ್ಣದ ಹಾಗೆ ಅದೂ ಬೇರೆಯವರ ಬಾಯಿಂದಲೇ ತಿಳಿಯಬೇಕಾದ ಸಂಗತಿ. ಎಷ್ಟೋ ವರ್ಷ ಕಾರು ಓಡಿಸಿದ ನಾನು ನನ್ನ ಬ್ರೇಕಿನ ದೀಪವನ್ನು ಕಣ್ಣಾರೆ ಕಂಡದ್ದು ಒಂದೇ ಒಂದು ದಿನ. ಅದನ್ನು ಕಾಣಿಸಿದವರು ನಮ್ಮತ್ತೆ. ಅಲ್ಲಿಯವರೆಗೆ ಅವರು ನನ್ನೊಂದಿಗೆ ಒಂದು ಮಾತನ್ನೂ ಆಡಿದವರಲ್ಲ.

ನಾನು ಆಗ ಯಲಹಂಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಅರವತ್ತರ ದಶಕದಲ್ಲಿ ಹೈಸ್ಕೂಲು ಮೇಷ್ಟರಿಗೆ ಕಾರು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಸೋದರಮಾವನಿಗೆ ಮಕ್ಕಳಿರಲಿಲ್ಲ. ಅವನು ತೀರಿಕೊಂಡ ಮೇಲೆ ಮಾಕಳಿಯ ಹೊಲ ನಮ್ಮ ದೊಡ್ಡಣ್ಣನಿಗೆ ಹೋಯಿತು, ಮನೆ ಚಿಕ್ಕಣ್ಣನಿಗೆ ಹೋಯಿತು. "ನೀನು ಓದಿದೋನು ಕಣೋ, ಕಾರು ನಿಂಗಿರ್ಲಿ" ಎಂದು ಇಬ್ಬರೂ ಒಮ್ಮತದಿಂದ ತೀರ್ಮಾನಿಸಿದರು. ವಿದ್ಯೆಯಿಂದ ನನಗಾದ ಲಾಭಗಳಲ್ಲಿ ಅದೂ ಒಂದು. ಯುದ್ಧಕ್ಕೂ ಮೊದಲು ಇಂಗ್ಲೆಂಡಿನಿಂದ ಹಡಗೇರಿ ಬಂದ ಕಪ್ಪು ಕಾರು ಅದು. ಎಡಗಡೆ ಬಾಗಿಲು ತೆರೆಯುತ್ತಿರಲಿಲ್ಲ, ಬಲಗಡೆಯದು ಮುಚ್ಚುತ್ತಿರಲಿಲ್ಲ. ಬೆಳಿಗ್ಗೆ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ತಿರುಗಿಸುವಾಗ ನನ್ನ ಮುಖದಲ್ಲಿ ಮೂಡುತ್ತಿದ್ದ ಭಾವಗಳನ್ನು ನೋಡಲೆಂದೇ ಶಾಲೆಗೆ ಹೋಗುವ ಮಕ್ಕಳು ನಮ್ಮ ಬೀದಿಯಲ್ಲಿ ಬರುತ್ತಿದ್ದವು. ಹಿಂದೆ ಇದ್ದದ್ದು ಒಂದೇ ದೀಪ, ನಂಬರ್ ಪ್ಲೇಟಿನ ಮೇಲೆ. ರಾತ್ರಿಗೂ ಅದೇ, ಬ್ರೇಕಿಗೂ ಅದೇ.

ಇನ್ನು ನಮ್ಮತ್ತೆ. ತಣಿಸಂದ್ರದ ಒಕ್ಕಲು ಮನೆಯವರು. ರಾಗಿ ಹೊಲ, ತರಕಾರಿ ತೋಟ, ಮನೆ ತುಂಬ ದನ. ಅಳಿಯನ ಎದುರಿಗೆ ಅತ್ತೆ ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ನಮ್ಮ ಮದುವೆಯಾಗಿ ಆರು ವರ್ಷವಾಗಿದ್ದರೂ ನಾನು ಅವರ ಮುಖವನ್ನು ಪೂರ್ತಿಯಾಗಿ ನೋಡಿರಲಿಲ್ಲ. ಬಾಗಿಲ ಹಿಂದೆ ಒಂದು ಸೆರಗು, ಸೆರಗಿನ ಕೆಳಗೆ ಒಂದು ಮೂಗುತಿ, ಅಷ್ಟೆ ನನಗೆ ಗೊತ್ತಿದ್ದ ಅತ್ತೆ. ಮಾತೆಲ್ಲ ನನ್ನ ಹೆಂಡತಿ ಸರೋಜಳ ಮೂಲಕ. ನಾನು ಎಲೆಯ ಮುಂದೆ ಕೂತಿರುತ್ತಿದ್ದೆ, ಅವರು ಮೂರು ಮಾರು ಆಚೆ ಇರುತ್ತಿದ್ದರು. "ಇನ್ನೊಸಿ ಸಾರು ಬೇಕಾ ಕೇಳವ್ವ" ಎನ್ನುತ್ತಿದ್ದರು. ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಸರೋಜ ನನ್ನ ಕಡೆ ತಿರುಗಿ "ಇನ್ನೊಂದ್ ಸ್ವಲ್ಪ ಸಾರು ಬೇಕಾ ಕೇಳ್ತಿದಾರೆ" ಎನ್ನುವವರೆಗೆ ನಾನು ಕೇಳಿಸದವನ ಹಾಗೆ ಕೂತಿರಬೇಕು. "ಸಾಕು ಅಂತ ಹೇಳು" ಎಂದು ನಾನೆಂದರೆ ಅವರೂ ಹಾಗೆಯೇ ಕೂತಿರುತ್ತಿದ್ದರು. ಕಿವಿ ಚೆನ್ನಾಗಿರುವ ಇಬ್ಬರು ಅಷ್ಟು ಶ್ರದ್ಧೆಯಿಂದ ಕಿವುಡರಾಗಿದ್ದುದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಅದು ಗೌರವವಾಗಿತ್ತು, ನಗು ಬರುತ್ತಿರಲಿಲ್ಲ.

ಆ ವರ್ಷ ಸರೋಜ ಮತ್ತೆ ಬಸುರಿಯಾದಳು. ಮತ್ತೆ ಎಂದೆನಲ್ಲ, ಅದರ ಹಿಂದೆ ಎರಡು ದುಃಖಗಳಿದ್ದವು. ಎರಡು ಸಲವೂ ದಿನ ತುಂಬುವ ಮೊದಲೇ ಮಗು ಹೋಗಿತ್ತು. ಎರಡನೆಯ ಸಲ ಅವಳು ಅಳಲೂ ಇಲ್ಲ. ಹೊಲಿದಿಟ್ಟಿದ್ದ ಪುಟ್ಟ ಅಂಗಿಗಳನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿ, ಏನೂ ಆಗದವಳ ಹಾಗೆ ನನಗೆ ಕಾಫಿ ತಂದುಕೊಟ್ಟಳು. ಆ ಕಾಫಿ ಕುಡಿದದ್ದು ನನಗೆ ಇವತ್ತಿಗೂ ಎದೆಯಲ್ಲಿ ಕೂತಿದೆ. ಹಾಗಾಗಿ ಈ ಸಲ ಕಂಟೋನ್ಮೆಂಟಿನ ಕಡೆಯ ಆಸ್ಪತ್ರೆಯ ಡಾಕ್ಟರಮ್ಮ ಯಾವ ಮಾತಿಗೂ ಎಡೆಗೊಡದೆ ಅವಳನ್ನು ಅಲ್ಲೇ ಸೇರಿಸಿಕೊಂಡರು. ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದು, ಗಾಬರಿ ಬೀಳಬಾರದು. ನೋಡುವವರು ಸಂಜೆ ಹೊತ್ತು ಮಾತ್ರ ಬರಬಹುದು. ಮನೆ ನೋಡಿಕೊಳ್ಳಲು, ಮಗಳಿಗೆ ಅಡುಗೆ ಮಾಡಿ ಒಯ್ಯಲು, ತಣಿಸಂದ್ರದಿಂದ ನಮ್ಮತ್ತೆ ಒಂದು ಗಂಟು ಬಟ್ಟೆ, ಒಂದು ಮೂಟೆ ರಾಗಿಹಿಟ್ಟು ತೆಗೆದುಕೊಂಡು ಬಂದಿಳಿದರು.

ಈಗ ಯೋಚಿಸಿ. ಮನೆಯಲ್ಲಿ ಇರುವವರು ಇಬ್ಬರೇ, ಅತ್ತೆ ಮತ್ತು ಅಳಿಯ. ನಡುವೆ ಮಾತು ದಾಟಿಸಬೇಕಾದವಳು ಆಸ್ಪತ್ರೆಯಲ್ಲಿ. ಮೊದಮೊದಲು ಪಾತ್ರೆಗಳು ಮಾತಾಡಿದವು. ಲೋಟ ಹೊಸಿಲ ಮೇಲೆ ಟಣ್ಣೆಂದರೆ ಕಾಫಿ, ತಟ್ಟೆ ಝಣ್ಣೆಂದರೆ ಊಟ. ನಾನು ಹೋಗುವಾಗ ಕೆಮ್ಮುತ್ತಿದ್ದೆ, ಬಂದಾಗ ಎರಡು ಸಲ ಕೆಮ್ಮುತ್ತಿದ್ದೆ. ಪಕ್ಕದ ಮನೆಯವರು ನನಗೆ ಗೂರಲು ಹಿಡಿಯಿತೆಂದು ಆಡುಸೋಗೆ ಎಲೆ ತಂದುಕೊಟ್ಟರು. ಶಾಲೆ ಬಿಟ್ಟ ಕೂಡಲೆ ನಾನು ಕಾರನ್ನು ಬಾಗಿಲಿಗೆ ತರುತ್ತಿದ್ದೆ. ಅತ್ತೆ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಯಲಹಂಕದಿಂದ ಹೆಬ್ಬಾಳದ ಕೆರೆ ದಾಟಿ ಆಸ್ಪತ್ರೆ ಮುಟ್ಟುವವರೆಗೆ ಕಾರೊಂದೇ ಗಂಟಲು ಹರಿದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಸರೋಜ ಮಲಗಿದ್ದಲ್ಲಿಂದಲೇ ಇಡೀ ದಿನದ ಬಾಕಿ ಮಾತುಗಳನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳು. "ಮನೇಲಿ ಸೀಮೆಎಣ್ಣೆ ಮುಗಿದಿದೆಯಂತೆ" ಎಂಬುದು ನನಗೆ ತಿಳಿದದ್ದು ಕಂಟೋನ್ಮೆಂಟಿನಲ್ಲಿ.

ಹಿಂದಿನ ದೀಪದ ತಕರಾರು ಶುರುವಾದದ್ದು ಆಗಲೇ. ಚಳಿಗಾಲ, ಕತ್ತಲೆ ಬೇಗ ಇಳಿಯುತ್ತಿತ್ತು. ಹೆಬ್ಬಾಳದ ಹತ್ತಿರ ಒಬ್ಬ ಕಾನ್‌ಸ್ಟೇಬಲ್ ಕೈಯಡ್ಡ ಹಾಕಿ, "ಏನ್ ಮೇಷ್ಟ್ರೇ, ಇಂದ್ಗಡೆ ದೀಪಾನೇ ಇಲ್ವಲ್ಲ? ಕಲ್ಲಿನ ಲಾರಿಗಳು ಓಡಾಡೋ ರಸ್ತೆ ಇದು. ಎತ್ತಿನಗಾಡಿಯೋರೂ ಲಾಟೀನು ಕಟ್ಕೊಂಡೋಗ್ತಾರೆ" ಎಂದ. ನಾನು ಇಳಿದು ಹೋಗಿ ದೀಪದ ತಲೆಗೆ ಒಂದು ಏಟು ಕೊಟ್ಟೆ. ಹತ್ತಿತು. ವಿಜ್ಞಾನದ ಮೇಷ್ಟರಾದರೇನು, ಕೆಟ್ಟ ಸಾಮಾನು ಕಂಡರೆ ಮೊದಲು ಕೈ ಹೋಗುವುದು ಹೊಡೆಯುವುದಕ್ಕೇ. ಎರಡು ದಿನ ಉರಿಯಿತು, ಮತ್ತೆ ಆರಿತು. ಮೆಕ್ಯಾನಿಕ್ ಬಾಷಾನ ಹತ್ತಿರ ಒಯ್ದೆ. ಅವನು ದೂರದಿಂದಲೇ ನೋಡಿ "ಬಲ್ಬು ಖತಂ, ಸಾಬ್" ಎಂದು ಹೊಸ ಬಲ್ಬು ಹಾಕಿದ. ವಾರದಲ್ಲಿ ಅದೂ ಕೈಕೊಟ್ಟಿತು. "ಬ್ಯಾಟ್ರಿ ವೀಕು" ಎಂದ. ಬ್ಯಾಟರಿಗೆ ಚಾರ್ಜು ಮಾಡಿಸಿದೆ. ಆಮೇಲೆ "ಗಾಡೀನೇ ವೀಕು" ಎಂದ. ಅದು ನನಗೆ ಮೊದಲೇ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಹೊಸ ಇನ್ಸ್‌ಪೆಕ್ಟರು ತಾವೇ ರಸ್ತೆಯಲ್ಲಿ ನಿಂತಿದ್ದರು. ದೀಪವಿಲ್ಲದ ಗಾಡಿ ಒಂದು ಹೆಜ್ಜೆಯೂ ಮುಂದೆ ಹೋಗಕೂಡದು ಎಂದರು. ಹೆಂಡತಿ, ಆಸ್ಪತ್ರೆ, ಬುತ್ತಿ ಎಲ್ಲ ಹೇಳಿಕೊಂಡೆ. "ಲಾರಿ ಬಂದು ಗುದ್ದಿದ್ರೆ ನೀವೂ ಅಲ್ಲೇ ಸೇರ್ಕೊಬೇಕಾಗುತ್ತೆ ಸ್ವಾಮಿ" ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ಯಾರೋ ಹೋಗಿ ಬಾಷಾನನ್ನು ಕರೆತಂದು, ಅವನು ಏನೋ ತಿರುವಿ ಏನೋ ಗುದ್ದಿ ದೀಪ ಹತ್ತಿಸುವ ಹೊತ್ತಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿತ್ತು. ಅತ್ತೆ ಅಷ್ಟು ಹೊತ್ತೂ ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ಅಪ್ಪಿಕೊಂಡು ಕೂತಿದ್ದರು. ಅಂದು ಮನೆಯಲ್ಲಿ ತಟ್ಟೆಯ ಸದ್ದಾಗಲಿಲ್ಲ. ನಾನೂ ಕೆಮ್ಮಲಿಲ್ಲ. ಮಾರನೆಯ ದಿನ ಹೋದರೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ವರಾಂಡದಲ್ಲೇ ತಡೆದರು. "ನಿನ್ನೆ ಯಾಕ್ರೀ ಬರ್ಲಿಲ್ಲ? ದಾರೀಲಿ ಏನಾಯ್ತೋ ಅಂತ ಈಕೆ ಹಾಸ್ಗೆ ಮೇಲೆ ಎದ್ದು ಕೂತು ಕಿಟಕಿ ನೋಡ್ತಾ ಇದ್ಲು. ರಕ್ತದೊತ್ತಡ ಏರಿಬಿಟ್ಟಿದೆ. ಇನ್ನೊಂದ್ ತಿಂಗಳು ಕಣ್ರೀ, ಒಂದೇ ತಿಂಗಳು ದಾಟಿಸ್ಬೇಕು. ಬರ್ತೀನಿ ಅಂದೋರು ಬರ್ಬೇಕು" ಎಂದರು. ಬೈಗುಳಕ್ಕಿಂತ ಆ 'ಒಂದೇ ತಿಂಗಳು' ನನ್ನನ್ನು ಹೆದರಿಸಿತು. ಬಸ್ಸಿನಲ್ಲಿ ಹೋಗೋಣವೆಂದರೆ ಅಲ್ಲಿಂದ ಯಲಹಂಕಕ್ಕೆ ವಾಪಸು ಬರುವ ಕೊನೆಯ ಬಸ್ಸು ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೇ ಹೊರಡುತ್ತಿತ್ತು. ನನ್ನ ಮಗುವಿನ ಕ್ಷೇಮ ಆ ಹಾಳು ಕೆಂಪು ದೀಪದ ಮೇಲೆ ಬಂದು ನಿಂತಿತ್ತು.

ಭಾನುವಾರ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ನಾನೇ ರಿಪೇರಿಗೆ ಕೂತೆ. ಕಾರು ನಿಲ್ಲುತ್ತಿದ್ದದ್ದು ಹಿತ್ತಲಿನ ಸೋಗೆ ಚಪ್ಪರದಲ್ಲಿ. ಹಗಲಲ್ಲೂ ಅಲ್ಲಿ ಮಬ್ಬು, ಕೆಂಪು ದೀಪ ಚೆನ್ನಾಗಿ ಕಾಣುತ್ತಿತ್ತು. ಸ್ವಿಚ್ಚು ಹಾಕಿ ಹಿಂದೆ ಹೋದೆ, ಮಂಕಾಗಿ ಉರಿಯುತ್ತಿತ್ತು. ಸರಿ, ಬ್ರೇಕಿನದು? ಬ್ರೇಕು ತುಳಿದೆ, ಬಿಟ್ಟೆ, ಹಿಂದೆ ಓಡಿದೆ. ಬಿಟ್ಟ ಮೇಲೆ ಏನು ಕಂಡೀತು! ಇನ್ನೂ ಜೋರಾಗಿ ಓಡಿದೆ, ಮನುಷ್ಯ ಎಷ್ಟು ಓಡಿದರೂ ವಿದ್ಯುತ್ತನ್ನು ಹಿಡಿಯಲಾರ ಎಂದು ತರಗತಿಯಲ್ಲಿ ಪಾಠ ಮಾಡುವವನೂ ನಾನೇ. ಕೊನೆಗೆ ಬ್ರೇಕಿನ ಪೆಡಲಿಗೂ ಸೀಟಿಗೂ ನಡುವೆ ಏನಾದರೂ ಊರಿಟ್ಟರೆ ಆಯಿತೆಂದು ಹೊಳೆಯಿತು. ಅಡುಗೆಮನೆಯ ಹಿಂದಿನ ಬಾಗಿಲ ಬಳಿ ಒಂದು ಕೋಲು ಒರಗಿತ್ತು. ತಂದು ಊರಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು, ಆದರೆ ಹಿಂದೆ ಹೋಗುವಷ್ಟರಲ್ಲಿ ಜಾರಿ ಬಿತ್ತು. ಮತ್ತೆ ಊರಿದೆ, ಮತ್ತೆ ಬಿತ್ತು. ಅದು ಮುದ್ದೆ ತಿರುವುವ ಕೋಲು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಒಳಗೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

ಅತ್ತೆ ಒಳಗೆಲ್ಲ ಹುಡುಕಿದರೆಂದು ಕಾಣುತ್ತದೆ. ಆಮೇಲೆ ಹಿತ್ತಲಿಗೆ ಬಂದರು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಚಪ್ಪರದ ಕಂಬದ ಹಿಂದೆ ನಿಂತರು. ಕಾರಿನೊಳಗೆ ತಮ್ಮ ಕೋಲು ಕಂಡಿತು. ಎಸರು ಉಕ್ಕುತ್ತಿದೆ, ಅಳಿಯನನ್ನು ಕೇಳುವಂತಿಲ್ಲ, ಕೇಳದೆ ಇರುವಂತಿಲ್ಲ. ಒಂದು ಗಳಿಗೆ ಒದ್ದಾಡಿದರು. ಆಮೇಲೆ ಕಾರಿನ ಕಡೆ ತಿರುಗಿ, ತುಂಬ ವಿಶ್ವಾಸದಿಂದ, "ಅಲ್ಲ ಕಣವ್ವಾ, ನನ್ ಮುದ್ದೆ ಕೋಲು ನಿನ್ ಒಟ್ಟೇಗೆ ಯಾಕ್ ಸೇರ್ಕಂತು? ಅವ್ರನ್ನ ಕೇಳವ್ವ ಒಸಿ" ಎಂದರು.

ನಾನು ಕಾರನ್ನು ನೋಡಿದೆ. ಕಾರು ನನ್ನನ್ನು ನೋಡಿತು. ಗಂಭೀರವಾಗಿ ಅದಕ್ಕೇ ಹೇಳಿದೆ: "ಅವರಿಗೆ ಹೇಳು, ಬ್ರೇಕು ಅದುಮಿದಾಗ ದೀಪ ಹತ್ತುತ್ತೋ ಇಲ್ವೋ ನೋಡ್ಬೇಕಾಗಿತ್ತು. ನಾನೊಬ್ನೇ ಎರಡು ಕಡೆ ಇರೋಕಾಗಲ್ಲ. ಅವರು ಸ್ವಲ್ಪ ಹಿಂದೆ ನಿಂತು ನೋಡಿ ಹೇಳಿದ್ರೆ ಉಪಕಾರ ಆಗತ್ತೆ."

ಅತ್ತೆ ಒಳಗೆ ಹೋಗಿ ಒಲೆಯ ಸೌದೆ ಹಿಂದಕ್ಕೆಳೆದು ಬಂದರು. ಕಾರಿನ ಹಿಂದೆ ನಿಂತರು. ನಾನು ಒಳಗೆ ಕೂತು ಬ್ರೇಕು ತುಳಿದೆ. "ಆರೋಯ್ತು ಕಣವ್ವ" ಎಂದರು. ಬಿಟ್ಟೆ. "ಅತ್ಕಂತು" ಎಂದರು. ತುಳಿದೆ, ಆರೋಯ್ತು. ಬಿಟ್ಟೆ, ಅತ್ಕಂತು. ನನ್ನೊಳಗಿನ ಮೇಷ್ಟರು ಎದ್ದು ಕೂತರು. ತುಳಿದರೆ ಹತ್ತಬೇಕು, ಬಿಟ್ಟರೆ ಮಂಕಾಗಬೇಕು. ಇವರು ತಲೆಕೆಳಗು ಹೇಳುತ್ತಿದ್ದಾರೆ. "ಅವರಿಗೆ ಹೇಳು, ಸರಿಯಾಗಿ ನೋಡ್ಬೇಕು ಅಂತ" ಎಂದು ಸ್ಟೀರಿಂಗಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹಿಂದಿನಿಂದ ಉತ್ತರ ಬಂತು: "ನನ್ ಕಣ್ಗೇನಾಗೈತಂತೆ ಕೇಳವ್ವ! ಕಣಜದಾಗಳ ಇಲಿ ಕತ್ಲಲ್ಲಿ ಕಾಣ್ತದೆ ನಂಗೆ. ಇಷ್ಟ್ ದಪ್ಪ ದೀಪ ಕಾಣಾಕಿಲ್ವಾ? ಅವ್ರು ಕಾಲು ಸರಿಯಾಗಿಕ್ತಾವ್ರಾ ಕೇಳು!" ಆರು ವರ್ಷ ಬಾಗಿಲ ಹಿಂದೆ ಸದ್ದಿಲ್ಲದೆ ನಿಂತಿದ್ದ ಹೆಂಗಸಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾವಿಬ್ಬರೂ ಆ ಬಡ ಕಾರನ್ನು ನಡುವೆ ನಿಲ್ಲಿಸಿಕೊಂಡು ಸಾಕಷ್ಟು ಹೊತ್ತು ಜಗಳವಾಡಿದೆವು. ಅದು ಒಂದು ಕಡೆಯೂ ವಾಲದೆ ನಿಂತಿತ್ತು.

ತೀರ್ಪಾಗಬೇಕಾದರೆ ಅವರು ತುಳಿಯಬೇಕು, ನಾನು ನೋಡಬೇಕು. ಆದರೆ ಅಳಿಯ ಕೂರುವ ಜಾಗದಲ್ಲಿ ಅತ್ತೆ ಕೂರುವುದುಂಟೇ? "ಅದೊಂದಾಗಾಕಿಲ್ಲ ಅಂತ ಯೋಳವ್ವ" ಎಂದುಬಿಟ್ಟರು. ಒಂದಿಷ್ಟು ಯೋಚಿಸಿ, ಮುದ್ದೆ ಕೋಲನ್ನು ಕೈಗೆ ತೆಗೆದುಕೊಂಡರು. ಮುಚ್ಚದ ಆ ಬಲಗಡೆ ಬಾಗಿಲ ಹೊರಗೆ ನೆಲದ ಮೇಲೆ ಕಾಲೂರಿ ನಿಂತು, ಬಗ್ಗಿ, ಕೋಲಿನಿಂದ ಬ್ರೇಕನ್ನು ಅದುಮಿದರು. ಹತ್ತು ಹನ್ನೆರಡು ಜನಕ್ಕೆ ಮುದ್ದೆ ತಿರುವಿದ ರಟ್ಟೆ ಅದು, ಕಾರು ಒಂದು ಸಲ ನರಳಿತು. ನಾನು ಹಿಂದೆ ನಿಂತು ನೋಡುತ್ತಿದ್ದಂತೆ ದೀಪ ಪಕ್ಕೆಂದು ಆರಿತು. ಕೋಲು ತೆಗೆದರು, ಹತ್ತಿತು. ಕಾರಿನ ಮೇಲೆ ಕೈಯಿಟ್ಟುಕೊಂಡು ಕಾದರು. "ಅವರು ಹೇಳಿದ್ದೇ ಸರಿ ಅಂತ ಹೇಳು" ಎಂದು ನಾನು ನಂಬರ್ ಪ್ಲೇಟಿಗೆ ಹೇಳಿದೆ.

ಅದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ವಿಜ್ಞಾನ ನನಗೆ ವಾಪಸು ಬಂತು. ಕಾರಿನ ದೀಪಕ್ಕೆ ವಿದ್ಯುತ್ತು ಬರುವುದು ತಂತಿಯಲ್ಲಿ, ಹಿಂತಿರುಗುವುದು ಕಾರಿನ ಕಬ್ಬಿಣದ ಮೈಯಲ್ಲಿ. ದೀಪವನ್ನು ಮೈಗೆ ಕೂಡಿಸುವುದು ಒಂದು ಹಿತ್ತಾಳೆಯ ತಿರುಪುಮೊಳೆ. ಆ ಮೊಳೆ ಕಿಲುಬುಗಟ್ಟಿದರೆ ದಾರಿ ಇಕ್ಕಟ್ಟಾಗುತ್ತದೆ. ಬಲ್ಬಿನೊಳಗೆ ಸದಾ ಉರಿಯುವ ಸಣ್ಣ ತಂತು ಅಷ್ಟರಲ್ಲೇ ಹೇಗೋ ಬದುಕಿಕೊಳ್ಳುತ್ತದೆ. ಬ್ರೇಕಿನ ದಪ್ಪ ತಂತುವೂ ಪಾಲಿಗೆ ಬಂದಾಗ ಇಬ್ಬರಿಗೂ ಸಾಲದೆ ಎರಡೂ ಆರುತ್ತವೆ. ಹಾಗಾದರೆ ಮೊಳೆಯನ್ನು ನೋಡಬೇಕು. ಕಾರಿನ ಅಡಿಗೆ ತೆವಳಿ ದೀಪದ ಬೆನ್ನಿಗೆ ಕೈಹಾಕಿದೆ. ಅಲ್ಲೊಂದು ಗೂಡಿನಂಥ ಸಂದು. ಕೈಗೆ ಮೆತ್ತಗೆ ಏನೋ ಸಿಕ್ಕಿತು. ಹೊರಗೆಳೆದೆ. ಕೊಯ್ದು ಕುಂಕುಮ ಹಚ್ಚಿ ಕಪ್ಪು ದಾರ ಸುತ್ತಿದ ನಿಂಬೆಹಣ್ಣು. ಅದರ ಹಿಂದೆ ಇನ್ನೊಂದು, ಒಣಗಿದ್ದು. ಅದರ ಹಿಂದೆ ಕೊಳೆತವು. ಕೊಯ್ದ ನಿಂಬೆಯ ರಸ ವಾರಗಟ್ಟಲೆ ಇಳಿದಿಳಿದು ಮೊಳೆ ಹಸಿರುಹಸಿರಾಗಿ ನೊರೆ ಕಟ್ಟಿತ್ತು.

ತಲೆ ಎತ್ತಿ ನೋಡಿದರೆ ಅತ್ತೆ ಕಂಬದ ಹಿಂದೆ ಸೇರಿದ್ದರು. ಸೆರಗು ಮುಖದ ಮೇಲೆ ಪೂರ್ತಿ ಇಳಿದಿತ್ತು. ಸಣ್ಣ ದನಿಯಲ್ಲಿ ಕಾರಿಗೆ ಹೇಳಿದರು: "ಮಂಗಳವಾರ ಮಂಗಳವಾರ ನಾನೇ ಇಕ್ಕಿದ್ದು ಕಣವ್ವ. ಮುಂದ್ಗಡೆಯಿಂದ ನೋಡೋ ಕಣ್ಣು ನಮಗೆ ಕಾಣ್ತದೆ. ಇಂದ್ಗಡೆ ಕಣ್ಣು ಕಾಣಾಕಿಲ್ಲ. ನನ್ ಮಗೀಗೆ ಎಲ್ಡು ಕಿತಾನೂ ಇಂದ್ಲಿಂದ್ಲೇ ಬಡೀತು. ಅದ್ಕೇಯ ಇಂದ್ಗಡೆ ಇಕ್ದೆ." ಆಮೇಲೆ, "ದೀಪ ಕೆಟ್ಟಿದ್ದು ಅದರಿಂದ್ಲಾ, ಕೇಳವ್ವ" ಎಂದರು.

ನಾನು ತರಗತಿಯಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ದೃಷ್ಟಿ, ತಾಯಿತ ಇವನ್ನೆಲ್ಲ ಲೇವಡಿ ಮಾಡಿ ಹುಡುಗರನ್ನು ನಗಿಸುತ್ತಿದ್ದವನು. ನಿಂಬೆರಸ ಲೋಹವನ್ನು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಬದುಕಿನಲ್ಲಿ ಸಿಕ್ಕಲಾರದು. ಪಾಠ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ತಾಯಿ ಕೇಳುತ್ತಿದ್ದದ್ದು ಲೋಹದ ವಿಷಯವಲ್ಲ. ಆ ಸಂಜೆ ಮಗಳು ಹಾಸಿಗೆಯಲ್ಲಿ ಎದ್ದು ಕೂತು ಕಿಟಕಿ ನೋಡಿದ್ದಕ್ಕೆ, ಒತ್ತಡ ಏರಿದ್ದಕ್ಕೆ, ತಮ್ಮ ಕೈಯೇ ಕಾರಣವಾಯಿತೇ ಎಂದು ಕೇಳುತ್ತಿದ್ದರು. ಹೌದೆಂದರೆ ಮುಂದಿನ ಆ ಒಂದು ತಿಂಗಳು ಅವರು ಹೇಗೆ ಕಳೆಯಬೇಕು? ಏನಾದರೂ ಹೆಚ್ಚುಕಮ್ಮಿಯಾದರೆ ಜೀವಮಾನವೆಲ್ಲ ಹೇಗೆ ಕಳೆಯಬೇಕು? ಕಾರಿಗೆ ಹೇಳಿದೆ: "ಅವರಿಗೆ ಹೇಳು, ನಿಂಬೆಹಣ್ಣಿನದೇನೂ ತಪ್ಪಿಲ್ಲ. ಹಳೇ ಮೊಳೆ, ಇಪ್ಪತ್ತೈದು ವರ್ಷದ್ದು, ಕಿಲುಬು ಹಿಡಿದಿದೆ. ಹಣ್ಣು ಅಲ್ಲಿ ಗಾಳಿ ಇಲ್ದೆ ಕೊಳೀತಿದೆ ಪಾಪ. ಬಂಪರ್ ಕೆಳಗೆ ಗಾಳಿಗೆ ತೂಗುಹಾಕಿದ್ರೆ ಇನ್ನೂ ಶಕ್ತಿ ಜಾಸ್ತಿ ಅಂತ ಹೇಳು." ವಿಜ್ಞಾನದ ಮೇಷ್ಟರು ಕಾರಿನ ಅಡಿಯಲ್ಲಿ ಮಲಗಿಕೊಂಡು ಹೀಗೆ ಅಪ್ಪಣೆ ಕೊಡಿಸುತ್ತಿದ್ದುದನ್ನು ಶಾಲೆಯವರು ಯಾರೂ ಕೇಳಿಸಿಕೊಳ್ಳಲಿಲ್ಲ, ಪುಣ್ಯ. ಉಪ್ಪುಕಾಗದದಲ್ಲಿ ಮೊಳೆಯನ್ನು ಉಜ್ಜಿ, ಸುತ್ತಲಿನ ಕಬ್ಬಿಣ ಬೆಳ್ಳಗಾಗುವವರೆಗೆ ಕೆರೆದು, ಬಿಗಿದೆ. ಅತ್ತೆ ಕೋಲಿನಿಂದ ಬ್ರೇಕು ಅದುಮಿದರು. ದೀಪ ಭಗ್ಗೆಂದು ಹತ್ತಿ ಚಪ್ಪರದ ಸೋಗೆಯೆಲ್ಲ ಕೆಂಪಾಯಿತು. ಅಂದು ಮುದ್ದೆ ಗಂಟುಗಂಟಾಗಿತ್ತು. ಎರಡು ತಿಂದೆ.

ಆಮೇಲಿನ ಸಂಜೆಗಳು ನನ್ನ ಬದುಕಿನ ಒಳ್ಳೆಯ ಸಂಜೆಗಳು. ಹಿಂದಿನ ಸೀಟಿನಿಂದ ಅವರು ಕಾರಿಗೆ ಹೇಳುತ್ತಿದ್ದರು, ಮುಂದಿನ ಸೀಟಿನಿಂದ ನಾನು ಕಾರಿಗೆ ಹೇಳುತ್ತಿದ್ದೆ. ಸರೋಜ ಚಿಕ್ಕವಳಿದ್ದಾಗ ಕರುವಿನ ಜೊತೆ ಮಲಗುತ್ತೇನೆಂದು ಹಟ ಹಿಡಿದು ಕೊಟ್ಟಿಗೆಯಲ್ಲೇ ನಿದ್ದೆ ಹೋದದ್ದು, ಶಾಲೆಗೆ ಕಳಿಸಲು ಮಾವನ ಹತ್ತಿರ ಅತ್ತೆ ಮೂರು ದಿನ ಮುನಿಸಿಕೊಂಡದ್ದು, ಎಲ್ಲ ನನಗೆ ತಿಳಿದದ್ದು ಬಳ್ಳಾರಿ ರಸ್ತೆಯಲ್ಲಿ. ಇನ್ನೂ ಒಂದು ತಿಳಿಯಿತು. ತಣಿಸಂದ್ರಕ್ಕೆ ನಾನು ಹೋದಾಗಲೆಲ್ಲ ಹಾಗಲಕಾಯಿ ಗೊಜ್ಜು ತಪ್ಪದೆ ಇರುತ್ತಿತ್ತು. ಮದುವೆಯ ಹೊಸತರಲ್ಲಿಯೇ, ಯಲಹಂಕದ ಮನೆಯಲ್ಲಿ, ಸರೋಜಳಿಗೆ "ಹಾಗಲಕಾಯಿ ನನಗಾಗಲ್ಲ ಅಂತ ಹೇಳು" ಎಂದಿದ್ದೆ. "ಅವ್ರಿಗೆ ಆಗಲಕಾಯಿ ಅಂದ್ರೆ ಪ್ರಾಣವಂತಲ್ಲ, ನಾಳೀಕೆ ಮಾಡ್ಲಾ ಕೇಳವ್ವ" ಎಂದು ಅತ್ತೆ ಕಾರನ್ನು ಕೇಳಿದಾಗ ನಾನು ಬ್ರೇಕು ಹಾಕಿಬಿಟ್ಟೆ. ವಿಚಾರಿಸಿದರೆ, ಹಾಗಲಕಾಯಿ ಪ್ರಾಣವಾಗಿದ್ದದ್ದು ಸರೋಜಳಿಗೆ. ಆರು ವರ್ಷ ನಡುವೆ ನಿಂತು ತನಗೆ ಬೇಕಾದ್ದನ್ನೆಲ್ಲ ನನ್ನ ಹೆಸರಿನಲ್ಲಿ ಮಾಡಿಸಿಕೊಂಡಿದ್ದಾಳೆ! ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು, ನಗು ಸೆರಗನ್ನು ದಾಟಿ ಬಂತು. ಆಸ್ಪತ್ರೆಯೊಳಗೆ ಕಾಲಿಟ್ಟ ಮೇಲೆ ಮಾತ್ರ ಇಬ್ಬರೂ ಮೊದಲಿನ ಹಾಗೆ ಕಿವುಡರು. ಪಾಪ, ಅವಳ ಕೆಲಸ ಹೋಗಬಾರದಲ್ಲ.

ಒತ್ತಡ ಇಳಿಯಿತು. ದಿನಗಳು ಒಂದೊಂದಾಗಿ ದಾಟಿದವು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಶಾಲೆಗೆ ಫೋನು ಬಂತು, ನೋವು ಶುರುವಾಗಿದೆ ಎಂದು. ಹೇಗೆ ಕಾರು ಓಡಿಸಿದೆನೋ ಗೊತ್ತಿಲ್ಲ. ಅಂದು ನಾವಿಬ್ಬರೂ ಕಾರಿಗೆ ಏನೂ ಹೇಳಲಿಲ್ಲ. ಅತ್ತೆ ಒಳಗೆ ಹೋದರು, ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ನಾನು ಅಂಗಳದಲ್ಲಿ ಕಾರಿನ ಪಕ್ಕ ನಿಂತೆ. ಸಂಜೆಯ ಹೊತ್ತು. ನೋಡುವವರೆಲ್ಲ ಡಬ್ಬಿ ಹಿಡಿದು ಬಂದರು, ಖಾಲಿ ಡಬ್ಬಿ ಹಿಡಿದು ಹೋದರು. ಮೊದಲಿನ ಎರಡು ಸಲವೂ ನಾನು ಇದೇ ಅಂಗಳದಲ್ಲಿ ನಿಂತಿದ್ದೆ, ಎರಡು ಸಲವೂ ಹೊರಗೆ ಬಂದವರು ನಿಧಾನವಾಗಿ ಬಂದಿದ್ದರು. ಅದು ನೆನಪಾಗಿ ಬಾಗಿಲ ಕಡೆ ನೋಡಲು ಧೈರ್ಯ ಬರಲಿಲ್ಲ.

ಓಡಿಬರುವ ಹೆಜ್ಜೆ ಕೇಳಿಸಿತು. ತಿರುಗಿದೆ. ನಮ್ಮತ್ತೆ. ಮೆಟ್ಟಿಲಿಳಿಯುವಾಗಲೇ ಸೆರಗು ತಲೆಯಿಂದ ಜಾರಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಅರೆನರೆತ ಕೂದಲು, ಅಗಲವಾದ ಹಣೆ, ಸರೋಜಳದೇ ಕಣ್ಣು. ಆ ಮುಖವನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದೆ. ಅವರು ಕಾರಿನ ಕಡೆ ನೋಡಲೇ ಇಲ್ಲ. ನೇರ ನನ್ನ ಎದುರಿಗೆ ಬಂದು, ನನ್ನ ಎರಡು ರಟ್ಟೆಯನ್ನೂ ಹಿಡಿದುಕೊಂಡು, "ಮಗಾ, ಮಗಳುಟ್ಟವ್ಳೆ ಕಣಪ್ಪ! ತಾಯಿ ಮಗು ಇಬ್ರೂ ಚೆಂದಾಗವ್ರೆ. ಕೇಳ್ತಾ? ಇಬ್ರೂ ಚೆಂದಾಗವ್ರೆ ಮಗಾ!" ಎಂದರು.

ಉತ್ತರ ಹೇಳುವಾಗ ಮುಖ ನೋಡಿ ಹೇಳಬೇಕೆಂದು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರು ನಾನು. ಆ ಮುಖ ನೋಡುತ್ತಲೇ ಕಣ್ಣು ಮಂಜಾಗಿ, ತಿರುಗಿ, ಕಾರಿನ ತಗಡಿಗೆ ಹಣೆಯಾನಿಸಿ ಹೇಳಿದೆ: "ಅವ್ವನಿಗೆ ಹೇಳು, ಕೇಳಿಸ್ತು ಅಂತ."